ಸಣ್ಣ ಕಾರಿನ ಗೇರ್: ಮ್ಯಾನ್ಯುಯಲ್ ಮತ್ತು ಆಟೋಮ್ಯಾಟಿಕ್

ಎಂಜಿನ್ನಿನಲ್ಲಿ ಹುಟ್ಟಿದ ತಿರುಗುಬಲವನ್ನು ರಸ್ತೆಯ ಏರಿಳಿತಕ್ಕೂ ಗಾಡಿಯ ವೇಗಕ್ಕೂ ತಕ್ಕಂತೆ ಹೆಚ್ಚು ಕಡಿಮೆ ಮಾಡಿ ಚಕ್ರಕ್ಕೆ ಮುಟ್ಟಿಸುವ ಏರ್ಪಾಟೇ ಗೇರ್‌ಬಾಕ್ಸ್. ಚಾಲಕ ಎಡಗಾಲಿನಿಂದ ಕ್ಲಚ್ ತುಳಿದು, ಎಡಗೈಯಿಂದ ಗೇರ್ ರಾಡ್ ಸರಿಸಿ ಈ ಕೆಲಸ ಮಾಡಿದರೆ ಅದು ಮ್ಯಾನ್ಯುಯಲ್. ಗಾಡಿ ತಾನೇ ಮಾಡಿಕೊಂಡರೆ ಆಟೋಮ್ಯಾಟಿಕ್. ಸಣ್ಣ ಕಾರು ಎಂದರೆ ಭಾರತದ ತೆರಿಗೆ ಲೆಕ್ಕದಲ್ಲಿ ನಾಲ್ಕು ಮೀಟರ್ ಉದ್ದ ಮೀರದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿಯೊಳಗಿನ ಎಂಜಿನ್ ಇರುವ ಕಾರು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳಿಗೆ ಶೇ 18ರ ಜಿಎಸ್‌ಟಿ. ಗೇರ್ ಯಾವುದಾದರೂ ತೆರಿಗೆಯ ದರ ಅದೇ.

ಗೇರನ್ನು ಪರೀಕ್ಷೆಗೆ ಒಡ್ಡಲು ತುಮಕೂರು ಸೀಮೆ ಹೇಳಿ ಮಾಡಿಸಿದ ಜಾಗ. ತುಮಕೂರಿನಿಂದ ಬೆಂಗಳೂರಿಗೆ 70 ಕಿ.ಮೀ. ಹೆದ್ದಾರಿ, ಊರೊಳಗೆ ಬಿ.ಎಚ್. ರಸ್ತೆಯ ಸಂದಣಿ, ಗುಬ್ಬಿಯ ಕಡೆಗೆ ತೆಂಗಿನ ತೋಟಗಳ ನಡುವಿನ ಸಪಾಟು ದಾರಿ, ದೇವರಾಯನದುರ್ಗದ ಕಡಿದಾದ ಏರು. ಮಳವಳ್ಳಿ-ಪಾವಗಡ ರಾಜ್ಯ ಹೆದ್ದಾರಿಯಲ್ಲಿ ಕುಣಿಗಲ್ಲಿನಿಂದ ದಕ್ಷಿಣಕ್ಕೆ ಇಳಿದರೆ ಹೇಮಗಿರಿ ಬೆಟ್ಟವೂ ದುರ್ಗದ ಬಂಡೆಯೂ ಎದುರಾಗುವ ಹುಲಿಯೂರುದುರ್ಗ. ಸುಗ್ಗಿ ಬಂತೆಂದರೆ ಈ ಕಡೆಯ ರಸ್ತೆಗಳೇ ಕಣ. ಆ ಮಾತು ಮುಂದೆ ಬರುತ್ತದೆ.

ಗೇರ್ ಏಕೆ ಬೇಕು

ಹಳ್ಳಿಕಾರ್ ಎತ್ತು ನಿಂತ ಗಾಡಿಯನ್ನು ಕದಲಿಸುವಾಗ ನಿಂತಲ್ಲಿಂದಲೇ ತನ್ನ ಪೂರ್ತಿ ಬಲ ಹಾಕುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಆ ಶಕ್ತಿ ಇಲ್ಲ. ನಿಮಿಷಕ್ಕೆ ಏಳೆಂಟುನೂರು ಸುತ್ತಿಗಿಂತ ಕೆಳಗಿಳಿದರೆ ಅದು ಉಸಿರುಕಟ್ಟಿ ಆಫ್ ಆಗುತ್ತದೆ. ಆರು ಸಾವಿರದ ಆಚೆ ಕೂಗಾಟವೇ ಹೆಚ್ಚು, ಎಳೆತ ಕಡಿಮೆ. ಹಾಗಾಗಿ ನಿಂತ ಚಕ್ರಕ್ಕೂ ತಿರುಗುತ್ತಿರುವ ಎಂಜಿನ್ನಿಗೂ ನಡುವೆ ಒಬ್ಬ ದಲ್ಲಾಳಿ ಬೇಕು. ಸಣ್ಣ ಕಾರಿನ ಒಂದನೇ ಗೇರಿನಲ್ಲಿ ಎಂಜಿನ್ ಹದಿನಾಲ್ಕು ಹದಿನೈದು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಟಾಪ್ ಗೇರಿನಲ್ಲಿ ಮೂರು ಮೂರೂವರೆ ಸುತ್ತಿಗೇ ಚಕ್ರ ಒಂದು ಸುತ್ತು ಬರುತ್ತದೆ. ಮೊದಲನೆಯದರಲ್ಲಿ ಬಲ, ಕೊನೆಯದರಲ್ಲಿ ಓಟ. ದೊಡ್ಡ ಎಂಜಿನ್ನಿನ ಗಾಡಿ ಗೇರ್ ತಪ್ಪಾದರೂ ಹೇಗೋ ಎಳೆದುಕೊಂಡು ಹೋಗುತ್ತದೆ. 800 ಸಿಸಿ, 1000 ಸಿಸಿಯ ಕಾರು ಐದು ಜನರನ್ನು ಹೊತ್ತು ಏರಿನಲ್ಲಿದ್ದಾಗ ತಪ್ಪು ಗೇರನ್ನು ಕ್ಷಮಿಸುವುದಿಲ್ಲ. ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ ಎಂಬ ಪ್ರಶ್ನೆ ದೊಡ್ಡ ಕಾರಿನಲ್ಲಿ ಸುಖದ ಮಾತು, ಸಣ್ಣ ಕಾರಿನಲ್ಲಿ ದುಡಿಮೆಯ ಮಾತು.

ಕೈಗೇರು

ಗೇರ್ ಹಾಕುವುದೆಂದರೆ ಹಲ್ಲಿನ ಚಕ್ರಗಳನ್ನು ಒಂದಕ್ಕೊಂದು ಕೂಡಿಸುವುದು ಎಂದೇ ಬಹಳ ಮಂದಿಯ ತಿಳಿವಳಿಕೆ. ಮೊದಮೊದಲ ಕಾರುಗಳಲ್ಲಿ ಅದು ನಿಜವಾಗಿತ್ತು. ಈಗಿನ ಗೇರ್‌ಬಾಕ್ಸಿನಲ್ಲಿ ಮುಂದಿನ ಗೇರ್‌ಗಳ ಹಲ್ಲುಗಳೆಲ್ಲ ಯಾವಾಗಲೂ ಕೂಡಿಕೊಂಡೇ ತಿರುಗುತ್ತಿರುತ್ತವೆ. ರಾಡ್ ಸರಿಸಿದಾಗ ಅವುಗಳಲ್ಲಿ ಒಂದು ಮಾತ್ರ ಅಚ್ಚಿಗೆ ಬಿಗಿದುಕೊಳ್ಳುತ್ತದೆ. ಬಿಗಿಯುವ ಮುನ್ನ ಎರಡರ ವೇಗವನ್ನೂ ಉಜ್ಜಿ ಸಮ ಮಾಡುವ ಉಂಗುರದ ಏರ್ಪಾಟಿಗೆ ಸಿಂಕ್ರೊಮೆಶ್ ಎಂದು ಹೆಸರು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಇದು ಬಂತು. ಅಂಬಾಸಡರ್, ಫಿಯಟ್‌ಗಳ ಕಾಲದಲ್ಲಿ ಒಂದನೇ ಗೇರಿಗೆ ಈ ಅನುಕೂಲ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲದೆ ಒಂದಕ್ಕೆ ಹಾಕಲು ಹೋದರೆ ಕರ್‌ರ್ ಎಂಬ ಸದ್ದು. ಪಕ್ಕದಲ್ಲಿ ಕೂತ ಯಜಮಾನರ ಮುಖವೂ ಅದಕ್ಕೆ ತಕ್ಕ ಹಾಗೆ. ಆ ಗಾಡಿಗಳಲ್ಲಿ ಗೇರ್ ರಾಡ್ ಸ್ಟೇರಿಂಗ್ ಕೆಳಗೇ ಇರುತ್ತಿದ್ದುದರಿಂದ ಅದು ಸ್ಟೇರಿಂಗ್ ಗೇರ್. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು, ನಡುವೆ ರಾಡ್ ಇಲ್ಲ, ಮುಂದೆಯೇ ಮೂವರು ಕೂರಬಹುದಿತ್ತು. ಟ್ಯಾಕ್ಸಿ ಲೆಕ್ಕದಲ್ಲಿ ಇದು ಸಣ್ಣ ಲಾಭವಲ್ಲ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ ನಾಲ್ಕು ಗೇರು, ರಾಡ್ ನೆಲದ ಮೇಲೆ. ಎರಡು ಬೆರಳಿಗೆ ಜಗ್ಗುವ ಆ ರಾಡ್ ಹಿಡಿದವರಿಗೆ ಅಂಬಾಸಡರ್ ಓಡಿಸುವುದು ಗಾಣ ತಿರುಗಿಸಿದಂತೆ ಕಂಡಿದ್ದರೆ ಅಚ್ಚರಿಯಿಲ್ಲ.

ಮ್ಯಾನ್ಯುಯಲ್ ಗಾಡಿಯ ನಿಜವಾದ ವಿದ್ಯೆ ಗೇರಿನಲ್ಲಿಲ್ಲ, ಕ್ಲಚ್ಚಿನಲ್ಲಿದೆ. ಹಾಫ್ ಕ್ಲಚ್ ಎಂಬ ಮಾತನ್ನು ಡ್ರೈವಿಂಗ್ ಸ್ಕೂಲಿನವರು ದಿನಕ್ಕೆ ನೂರು ಸಲ ಹೇಳುತ್ತಾರೆ. ಪೆಡಲನ್ನು ನಿಧಾನ ಬಿಡುತ್ತ ಬಂದಂತೆ ಒಂದು ಕಡೆ ಅಂಗಾಲಿಗೆ ಸಣ್ಣ ನಡುಕ ತಟ್ಟುತ್ತದೆ, ಎಂಜಿನ್ನಿನ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಬಾನೆಟ್ ಕೂದಲೆಳೆಯಷ್ಟು ಮೇಲೇಳುತ್ತದೆ. ಕ್ಲಚ್ ಪ್ಲೇಟು ಅರ್ಧ ಜಾರುತ್ತ ಅರ್ಧ ಹಿಡಿಯುತ್ತ ಇರುವ ಗಳಿಗೆ ಅದು. ಏರಿನಲ್ಲಿ ಗಾಡಿಯನ್ನು ಹಿಂದಕ್ಕೆ ಬಿಡದೆ ಎತ್ತುವುದು ಈ ಗಳಿಗೆಯ ಬಲದಿಂದಲೇ. ಅದನ್ನೇ ಚಟ ಮಾಡಿಕೊಂಡು ಕಾಲನ್ನು ಸದಾ ಪೆಡಲಿನ ಮೇಲಿಟ್ಟವರ ಗಾಡಿ ಸುಟ್ಟ ವಾಸನೆ ಹೊಡೆಯುತ್ತದೆ. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರೂ ಸೇರಿದ ಸೆಟ್ಟನ್ನೇ ಬದಲಿಸಬೇಕಾಗುತ್ತದೆ.

ತಾನೇ ಬದಲಾಗುವ ಗೇರು

ಆಟೋಮ್ಯಾಟಿಕ್ ಎಂಬುದು ಒಂದು ಯಂತ್ರದ ಹೆಸರಲ್ಲ. ನಾಲ್ಕು ಬೇರೆ ಬೇರೆ ಯಂತ್ರಗಳಿಗೆ ಅಂಟಿದ ಒಂದೇ ಹೆಸರು. ಶೋರೂಮಿನಲ್ಲಿ ಈ ವ್ಯತ್ಯಾಸ ತಿಳಿಯದೆ ಕಾರು ಕೊಂಡು ಆಮೇಲೆ ಹಳಹಳಿಸುವವರಿದ್ದಾರೆ.

ಹಳೆಯದು ಟಾರ್ಕ್ ಕನ್ವರ್ಟರ್. ಕ್ಲಚ್ ಪ್ಲೇಟಿನ ಜಾಗದಲ್ಲಿ ಎಣ್ಣೆ ತುಂಬಿದ ಡಬ್ಬಿ, ಅದರೊಳಗೆ ಎದುರುಬದುರು ಎರಡು ರೆಕ್ಕೆಚಕ್ರ. ಎಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಎದುರಿಗೆ ಒಂದು ಟೇಬಲ್ ಫ್ಯಾನ್ ಹಾಕಿದರೆ ಆಫ್ ಆಗಿರುವ ಇನ್ನೊಂದು ಫ್ಯಾನ್ ಸುತ್ತುವ ಹಾಗೆ. ಲೋಹಕ್ಕೆ ಲೋಹ ತಾಗದ್ದರಿಂದ ಎಳೆತ ಬೆಣ್ಣೆಯಂತೆ. ಎಣ್ಣೆಯಲ್ಲಿ ಸ್ವಲ್ಪ ಶಕ್ತಿ ಸೋರುವುದರಿಂದ ಪೆಟ್ರೋಲ್ ಖರ್ಚು ಜಾಸ್ತಿ. ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ ಹೈಡ್ರಾ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಆಟೋಮ್ಯಾಟಿಕ್ಕನ್ನು ಸಾಮಾನ್ಯ ಗಿರಾಕಿಗೆ ತಂದಾಗ ಅದರಲ್ಲೂ ಎಣ್ಣೆಯ ಜೋಡಣೆಯೇ ಇತ್ತು. ದೊಡ್ಡ ಎಂಜಿನ್, ಅಗ್ಗದ ಪೆಟ್ರೋಲ್ ಇರುವ ದೇಶಕ್ಕೆ ಅದು ಒಗ್ಗಿತು. ಭಾರತದ ಸಣ್ಣ ಕಾರುಗಳಲ್ಲಿ 2008ರ ಹೊತ್ತಿಗೆ ಹ್ಯುಂಡೈ ಐ10 ಮುಂತಾದವು ನಾಲ್ಕು ಗೇರಿನ ಆಟೋಮ್ಯಾಟಿಕ್ ಕೊಟ್ಟವು. ಮೈಲೇಜ್ ಎಷ್ಟು ಎಂಬುದು ಮೊದಲ ಪ್ರಶ್ನೆಯಾಗಿರುವ ನಾಡಿನಲ್ಲಿ ಅವು ಊರ ತುಂಬಾ ಕಾಣುವಷ್ಟು ಹರಡಲಿಲ್ಲ.

ಎರಡನೆಯದು ಸಿವಿಟಿ. ಇದರಲ್ಲಿ ಗೇರುಗಳೇ ಇಲ್ಲ. ಅಗಲ ಕಿರಿದಾಗಿಸಬಲ್ಲ ಎರಡು ಪುಲ್ಲಿಗಳ ನಡುವೆ ಒಂದು ಬೆಲ್ಟು. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ತೋರಿಸಿದ ಡಾಫ್ 600 ಎಂಬ ಪುಟ್ಟ ಕಾರು ರಬ್ಬರ್ ಬೆಲ್ಟಿನಲ್ಲಿ ಓಡುತ್ತಿತ್ತು. ಮುಂದಕ್ಕೆ ಎಷ್ಟು ವೇಗವೋ ಹಿಂದಕ್ಕೂ ಅಷ್ಟೇ ವೇಗ ಎಂಬುದು ಅದರ ತಮಾಷೆ. ಅಲ್ಲಿನವರು ಡಾಫ್‌ಗಳನ್ನು ರಿವರ್ಸಿನಲ್ಲೇ ಓಡಿಸುವ ಪಂದ್ಯ ಕಟ್ಟುತ್ತಿದ್ದರು. 1987ರ ಸುಬಾರು ಜಸ್ಟಿಯ ಹೊತ್ತಿಗೆ ಬೆಲ್ಟು ಉಕ್ಕಿನದಾಯಿತು. ಭಾರತದಲ್ಲಿ 2013ರ ನಿಸ್ಸಾನ್ ಮೈಕ್ರಾ, 2015ರ ಬಲೆನೊಗಳಲ್ಲಿ ಇದು ಬಂತು. ಎಕ್ಸಲೇಟರ್ ಜೋರಾಗಿ ತುಳಿದರೆ ಎಂಜಿನ್ ಮೊದಲು ಕೂಗುತ್ತದೆ, ಗಾಡಿ ಆಮೇಲೆ ಓಡುತ್ತದೆ. ಕೆಲವರಿಗೆ ಇದು ಸೇರುವುದಿಲ್ಲ.

ಮೂರನೆಯದು ಎರಡು ಕ್ಲಚ್ಚಿನ ಡಿಸಿಟಿ. ಒಂದು ಕ್ಲಚ್ ಈಗಿನ ಗೇರನ್ನು ಹಿಡಿದಿದ್ದರೆ ಇನ್ನೊಂದು ಮುಂದಿನ ಗೇರನ್ನು ತಯಾರಾಗಿಟ್ಟುಕೊಂಡಿರುತ್ತದೆ. ಹೆದ್ದಾರಿಯಲ್ಲಿ ಇದರ ಚುರುಕು ಬೇರೆ ಯಾವುದಕ್ಕೂ ಇಲ್ಲ, ಬೆಲೆಯೂ ಹಾಗೆಯೇ. ಒಣ ಕ್ಲಚ್ಚಿನವು ಜಾಮಿನಲ್ಲಿ ತೆವಳಿ ತೆವಳಿ ಕಾಯುತ್ತವೆ. 2022ರ ಟಾಟಾ ಆಲ್ಟ್ರೋಜ್‌ನಲ್ಲಿ ಕ್ಲಚ್ಚನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟದ್ದು ಈ ಬಿಸಿಗೆ ಮದ್ದಾಗಿ.

ನಾಲ್ಕನೆಯದೇ ಸಣ್ಣ ಕಾರಿನ ಕಥೆ ಬದಲಿಸಿದ ಎಎಂಟಿ.

ಎಎಂಟಿ: ಆಟೋಮ್ಯಾಟಿಕ್ ವೇಷದ ಮ್ಯಾನ್ಯುಯಲ್

2014ರ ಫೆಬ್ರವರಿಯಲ್ಲಿ ದೆಹಲಿ ಬಳಿಯ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋದಲ್ಲಿ ಮಾರುತಿ ಸೆಲೆರಿಯೊ ಬಿಡುಗಡೆಯಾಯಿತು. ಭಾರತದಲ್ಲಿ ಎಎಂಟಿ ಬಂದ ಮೊದಲ ಕಾರು ಅದು. ಇಟಲಿಯ ಮ್ಯಾಗ್ನೆಟಿ ಮರೆಲ್ಲಿಯ ಈ ಏರ್ಪಾಟಿನ ಹಿಂದಿನ ಯೋಚನೆ ಬಲು ಸರಳ. ಅದೇ ಐದು ಗೇರಿನ ಪೆಟ್ಟಿಗೆ, ಅದೇ ಕ್ಲಚ್ ಪ್ಲೇಟು. ಪೆಡಲ್ ತುಳಿಯುವ ಕಾಲಿನ ಬದಲು, ರಾಡ್ ಸರಿಸುವ ಕೈಯ ಬದಲು ಎಣ್ಣೆಯ ಒತ್ತಡದಲ್ಲಿ ಚಲಿಸುವ ಪಿಸ್ಟನ್‌ಗಳು, ಅವನ್ನು ಆಡಿಸಲು ಒಂದು ಪುಟ್ಟ ಕಂಪ್ಯೂಟರು. ಗೇರ್‌ಬಾಕ್ಸ್ ಹೊಸದಾಗಿ ಮಾಡಬೇಕಿಲ್ಲವಾದ್ದರಿಂದ ಮ್ಯಾನ್ಯುಯಲ್‌ಗಿಂತ ಸುಮಾರು ಅರ್ಧ ಲಕ್ಷ ಹೆಚ್ಚಿಗೆ ಕೊಟ್ಟರೆ ಸಿಗುವಂತಾಯಿತು. ಅದೇ ವರ್ಷ ಆಲ್ಟೊ ಕೆ10ಕ್ಕೆ, 2015ರಲ್ಲಿ ಟಾಟಾ ನ್ಯಾನೊಗೆ, 2016ರಲ್ಲಿ ರೆನೊ ಕ್ವಿಡ್‌ಗೆ ಎಎಂಟಿ ಬಂತು. 2024ರಲ್ಲಿ ಟಾಟಾ ಟಿಯಾಗೊ, ಟಿಗೋರ್‌ಗಳ ಸಿಎನ್‌ಜಿ ಮಾದರಿಗೂ ಅದು ಹತ್ತಿತು.

ಮ್ಯಾನ್ಯುಯಲ್ ವಿರುದ್ಧ ಆಟೋಮ್ಯಾಟಿಕ್ ಎಂದು ಎರಡು ಪಕ್ಷ ಮಾಡಿ ವಾದಿಸುವುದು ಸಣ್ಣ ಕಾರಿನ ಮಟ್ಟಿಗೆ ಅಷ್ಟಾಗಿ ಹೊಂದದಿರುವುದು ಈ ಕಾರಣಕ್ಕೆ. ಪೆಟ್ಟಿಗೆ ಒಂದೇ, ಡ್ರೈವರ್ ಬೇರೆ. ಎಎಂಟಿಯಲ್ಲಿ ಗೇರ್ ಬದಲಾಗುವಾಗ ಕೂತವರ ತಲೆ ಮುಂದಕ್ಕೊಮ್ಮೆ ವಾಲಿ ಹಿಂದಕ್ಕೆ ಬರುವುದೂ ಅದಕ್ಕೇ: ಕ್ಲಚ್ ಬಿಟ್ಟು ಹಿಡಿಯುವ ಹೊತ್ತಿನಲ್ಲಿ ಎಳೆತ ಕಡಿಯುತ್ತದೆ. ಪಳಗಿದ ಡ್ರೈವರ್ ಅದನ್ನು ಗೊತ್ತಾಗದಂತೆ ಮಾಡುತ್ತಾನೆ. ಕಂಪ್ಯೂಟರ್ ಇನ್ನೂ ಎಲ್ ಬೋರ್ಡಿನವರ ಹಾಗೆ. ಗೇರ್ ಬದಲಾಗುವ ಗಳಿಗೆಯಲ್ಲಿ ಎಕ್ಸಲೇಟರ್ ಮೇಲಿನ ಕಾಲನ್ನು ಒಂದಿಷ್ಟು ಸಡಿಲಿಸಿದರೆ ಈ ಕುಲುಕು ಬಹುಪಾಲು ಮಾಯ. ಕಾರು ಕೊಟ್ಟವರು ಈ ಉಪಾಯ ಹೇಳಿಕೊಡುವುದು ಅಪರೂಪ.

2020ರಲ್ಲಿ ಹ್ಯುಂಡೈ ವೆನ್ಯೂನಲ್ಲಿ ಬಂದ ಐಎಂಟಿ ಇದರ ಅರ್ಧ. ಕ್ಲಚ್ ಪೆಡಲ್ ಇಲ್ಲ, ಗೇರ್ ಮಾತ್ರ ಕೈಯಲ್ಲೇ ಹಾಕಬೇಕು. ಕಾಲಿಗೆ ರಜೆ, ಕೈಗಿಲ್ಲ.

ಕರ್ನಾಟಕದ ಸಣ್ಣ ಕಾರುಗಳು

ಬೆಂಗಳೂರಿನಲ್ಲಿ ಸಣ್ಣ ಕಾರು ಕಟ್ಟುವ ಯತ್ನ ಮಾರುತಿ 800ಕ್ಕಿಂತ ಹಳೆಯದು. 1970ರ ದಶಕದಲ್ಲಿ ಇಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರು ತಯಾರಾಯಿತು. 1982ರಲ್ಲಿ ಸಿಪಾನಿ ಕಂಪನಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯಲ್ಲಿ ಫೈಬರ್ ಮೈಯ ಡಾಲ್ಫಿನ್ ತಂದಿತು: 848 ಸಿಸಿ ಎಂಜಿನ್, ನಾಲ್ಕು ಗೇರು, ಹಿಂದಿನ ಚಕ್ರಕ್ಕೆ ಎಳೆತ. ಮರುವರ್ಷ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಕೊಳ್ಳುವವರು ತೆಳುವಾದರು.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2011ರಲ್ಲಿ ಎಟಿಯೋಸ್ ಲಿವಾ ಹೊರಬಂತು. ಅದು ಭಾರತದಲ್ಲಿ ಮಾರಾಟವಾದಷ್ಟು ಕಾಲವೂ ಮ್ಯಾನ್ಯುಯಲ್ಲೇ. ಬಿಡದಿಯಲ್ಲೇ ಇರುವ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್‌ನಲ್ಲಿ 2004ರಿಂದ ಗೇರ್‌ಬಾಕ್ಸ್ ತಯಾರಾಗಿ ಹೊರದೇಶಗಳಿಗೂ ಹೋಗುತ್ತಿವೆ. ಹುಲಿಯೂರುದುರ್ಗದಿಂದ ಮಾಗಡಿ ಹಾದು ಹೋದರೆ ಆ ಊರು ದೂರವೇನಲ್ಲ.

ಗೇರನ್ನೇ ಕೈಬಿಟ್ಟ ಕಾರೂ ಬೆಂಗಳೂರಿನದೇ. ಚೇತನ್ ಮೈನಿ ಅವರ ರೇವಾ 2001ರಲ್ಲಿ ರಸ್ತೆಗಿಳಿಯಿತು. ಎರಡು ಬಾಗಿಲು, ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿ.ಮೀ. ಆಸುಪಾಸು. ಲಂಡನ್ನಿನಲ್ಲಿ ಅದು ಜಿ-ವಿಜ್ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲು ಕೊಂಡು 2013ರಲ್ಲಿ ಇ2ಒ ತಂದಿತು. ವಿದ್ಯುತ್ ಮೋಟಾರು ಈ ವಿಷಯದಲ್ಲಿ ಎತ್ತಿನ ಹಾಗೆ, ನಿಂತಲ್ಲಿಂದಲೇ ಪೂರ್ತಿ ಬಲ ಹಾಕಬಲ್ಲದು. ಕ್ಲಚ್ಚೂ ಬೇಡ, ಐದು ಗೇರೂ ಬೇಡ. ವೇಗ ತಗ್ಗಿಸುವ ಒಂದೇ ಜೊತೆ ಹಲ್ಲುಚಕ್ರ ಸಾಕು. ಈಗಿನ ಟಿಯಾಗೊ ಇವಿ, ಕಾಮೆಟ್‌ಗಳದೂ ಅದೇ ದಾರಿ.

ಇನ್ನೊಂದು ಮಾತು. ಆಟೋಮ್ಯಾಟಿಕ್ ಎಂದರೆ ಸಿಟಿಯವರ ಶೋಕಿ ಎಂದು ಹಳ್ಳಿಯಲ್ಲಿ ಆಡಿಕೊಳ್ಳುವುದುಂಟು. ಹೀಗೆ ಹೇಳುವವರ ಮನೆಯ ಮುಂದೆ ಹುಲ್ಲಿನ ಹೊರೆ, ಹಾಲಿನ ಕ್ಯಾನ್ ಹೊರುವ ಟಿವಿಎಸ್ ಎಕ್ಸ್‌ಎಲ್ ನಿಂತಿರುತ್ತದೆ. ಅದಕ್ಕೆ ಕ್ಲಚ್ ಹಿಡಿಯೂ ಇಲ್ಲ, ಗೇರೂ ಇಲ್ಲ. ಎಂಜಿನ್ ಜೋರಾಗುತ್ತಲೇ ಒಳಗಿನ ಕ್ಲಚ್ ತಾನೇ ಹಿಡಿಯುತ್ತದೆ. ಮಗಳು ಕಾಲೇಜಿಗೆ ಒಯ್ಯುವ ಆಕ್ಟಿವಾದೊಳಗೆ ಇರುವುದು ಡಾಫ್ ಕಾರಿನ ವಂಶದ ಬೆಲ್ಟು. ಊರಿಗೆ ಆಟೋಮ್ಯಾಟಿಕ್ ಬಂದು ದಶಕಗಳೇ ಆಗಿವೆ, ಎರಡು ಚಕ್ರದ ಮೇಲೆ.

ಏರು, ರಾಗಿ, ನಿಂಬೆಹಣ್ಣು

ದೇವರಾಯನದುರ್ಗದಲ್ಲಿ ಭೋಗನರಸಿಂಹನ ಗುಡಿಯಿಂದ ಮೇಲಕ್ಕೆ ಯೋಗನರಸಿಂಹನ ಕಡೆಗೆ ಏರುವ ದಾರಿ ಎರಡೂ ಬಗೆಯ ಗೇರಿಗೆ ಪರೀಕ್ಷೆ. ತಿರುವಿನಲ್ಲಿ ಮೇಲಿನಿಂದ ಮಿನಿ ಬಸ್ಸು ಎದುರಾಗಿ ನಿಲ್ಲಿಸಬೇಕಾಗುತ್ತದೆ. ಮ್ಯಾನ್ಯುಯಲ್ ಗಾಡಿಯವರು ಹ್ಯಾಂಡ್ ಬ್ರೇಕ್ ಎಳೆದು, ಹಾಫ್ ಕ್ಲಚ್ಚಿಗೆ ತಂದು, ಎಂಜಿನ್ ಎಳೆಯುವುದು ಗೊತ್ತಾದ ಮೇಲೆ ಬ್ರೇಕ್ ಬಿಡುತ್ತಾರೆ. ಟಾರ್ಕ್ ಕನ್ವರ್ಟರ್ ಗಾಡಿ ಎಣ್ಣೆಯ ಒತ್ತಡದಲ್ಲೇ ಒಂದಿಷ್ಟು ನಿಂತಿರುತ್ತದೆ. ಎಎಂಟಿಯಲ್ಲಿ ಬ್ರೇಕಿನಿಂದ ಎಕ್ಸಲೇಟರಿಗೆ ಕಾಲು ಸರಿಯುವಷ್ಟರಲ್ಲಿ ಗಾಡಿ ಒಂದೆರಡು ಅಡಿ ಹಿಂದೆ ಜಾರಬಹುದು. ಏರಿನಲ್ಲಿ ಹಿಡಿದು ನಿಲ್ಲಿಸುವ ಹಿಲ್ ಹೋಲ್ಡ್ ಇದ್ದರೆ ಈ ಭಯವಿಲ್ಲ. ಇಲ್ಲದ ಗಾಡಿಯಲ್ಲಿ ಹ್ಯಾಂಡ್ ಬ್ರೇಕೇ ಗತಿ. ಎಕ್ಸಲೇಟರನ್ನೇ ಅರ್ಧ ತುಳಿದು ಏರಿನಲ್ಲಿ ಗಾಡಿ ನಿಲ್ಲಿಸಿಕೊಳ್ಳುವುದು ಎಎಂಟಿ ಕ್ಲಚ್ಚಿಗೆ ಮಾಡುವ ದ್ರೋಹ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಎಎಂಟಿಯಲ್ಲೂ ಲಿವರನ್ನು ‘ಎಂ’ ಕಡೆ ಸರಿಸಿ ಗೇರ್ ಕಟ್ಟಿಹಾಕಬಹುದು; ಅದು ಗೊತ್ತಿಲ್ಲದೆ ಬ್ರೇಕ್ ಒಂದನ್ನೇ ನಂಬಿ ಇಳಿದವರ ಚಕ್ರದ ಬಳಿ ಕೈಯಿಟ್ಟರೆ ಬಿಸಿ ತಾಕುತ್ತದೆ.

ಡಿಸೆಂಬರ್, ಜನವರಿಯಲ್ಲಿ ಕುಣಿಗಲ್, ಹುಲಿಯೂರುದುರ್ಗದ ಒಳರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರುತ್ತಾರೆ. ಹಾಯುವ ಗಾಡಿಗಳ ಚಕ್ರದಿಂದಲೇ ಒಕ್ಕಣೆ. ಮೊಣಕಾಲುದ್ದ ಹಾಸಿದ ಹುರುಳಿ ಗಿಡದ ಮೇಲೆ ಸಣ್ಣ ಕಾರು ಹತ್ತಿದಾಗ ಕೆಳಗೆ ಸರಸರ ಸದ್ದು, ಸ್ಟೇರಿಂಗ್ ಹಗುರ, ಬ್ರೇಕ್ ಹಾಕಿದರೆ ಜಾರು. ಇಲ್ಲಿ ಬೇಕಾದದ್ದು ಒಂದೇ ಗೇರು, ಒಂದೇ ವೇಗ: ಎರಡರಲ್ಲಿ ನಿಧಾನ, ನಿಲ್ಲದಂತೆ. ಎಕ್ಸಲೇಟರ್ ಬಿಟ್ಟಾಗಲೆಲ್ಲ ಗೇರ್ ಏರಿಸುವ ಆಟೋಮ್ಯಾಟಿಕ್ಕಿಗೆ ಮುಂದೆ ಹುರುಳಿ ಇರುವುದು ಕಾಣುವುದಿಲ್ಲ. ಕಣ್ಣಿರುವವರು ‘ಎಂ’ಗೆ ಹಾಕಬೇಕು. ಗೇರ್ ಯಾವುದಾದರೂ ಇರಲಿ, ದಾಟಿದ ಮೇಲೆ ಇಳಿದು ಗಾಡಿಯ ಹೊಟ್ಟೆಯ ಕೆಳಗೆ ನೋಡುವುದು ಒಳ್ಳೆಯದು. ಸುತ್ತಿಕೊಂಡ ಸೊಪ್ಪು ಬಿಸಿ ಸೈಲೆನ್ಸರಿಗೆ ತಾಗಿ ಕಾರಿಗೇ ಬೆಂಕಿ ಹತ್ತಿದ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲಿ ಬಂದಿವೆ.

ಊರೊಳಗೆ ಲೆಕ್ಕ ಬೇರೆ. ಸಂಜೆ ಆರಕ್ಕೆ ತುಮಕೂರಿನ ಟೌನ್‌ಹಾಲ್ ಸರ್ಕಲ್ಲಿನಿಂದ ಗುಬ್ಬಿ ಗೇಟಿನವರೆಗೆ ಮ್ಯಾನ್ಯುಯಲ್ ಗಾಡಿಯವರ ಎಡಗಾಲಿಗೆ ಬಿಡುವಿಲ್ಲ. ಮಂಡಿನೋವಿನವರು, ನಿವೃತ್ತರಾದ ಮೇಷ್ಟ್ರುಗಳು, ಸ್ಕೂಟರಿನಿಂದ ನೇರ ಕಾರಿಗೆ ಬಂದ ಹೆಂಗಸರು ಎಎಂಟಿ ಕೇಳುವುದು ಇದಕ್ಕೇ. ಎಡಗಾಲಿಗೆ ಬಲವಿಲ್ಲದವರಿಗಂತೂ ಅದು ಅನುಕೂಲವಲ್ಲ, ಓಡಾಟದ ಸ್ವಾತಂತ್ರ್ಯ.

ಹೊಸ ಗಾಡಿಯನ್ನು ಎಡೆಯೂರಿನ ಗುಡಿಗೆ ಒಯ್ದು ಪೂಜೆ ಮಾಡಿಸುವಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಮ್ಯಾನ್ಯುಯಲ್ ಗಾಡಿಯ ಹೊಸ ಒಡೆಯ ಬೆವರುತ್ತ ಕ್ಲಚ್ ಬಿಡುತ್ತಾನೆ. ಅಲ್ಲೇ ಆಫ್ ಆದರೆ ಮನೆಯವರಿಗೆ ಅಪಶಕುನದ ಚಿಂತೆ. ಆಟೋಮ್ಯಾಟಿಕ್ಕಿನಲ್ಲಿ ‘ಡಿ’ಗೆ ಹಾಕಿ ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನೇ ತೆವಳಿ ಹಣ್ಣನ್ನು ಚಪ್ಪಟೆ ಮಾಡುತ್ತದೆ. ಮೊದಮೊದಲ ಕೆಲವು ಎಎಂಟಿಗಳಲ್ಲಿ ಈ ತೆವಳಿಕೆಯೂ ಇರಲಿಲ್ಲ.

ಮೈಲೇಜ್ ಮತ್ತು ರಿಪೇರಿ

ಆಟೋಮ್ಯಾಟಿಕ್ ಪೆಟ್ರೋಲ್ ಕುಡಿಯುತ್ತದೆ ಎಂಬ ಮಾತು ಟಾರ್ಕ್ ಕನ್ವರ್ಟರ್ ಕಾಲದ್ದು. 2014ರ ಸೆಲೆರಿಯೊದಲ್ಲಿ ಕಂಪನಿ ಹೇಳಿದ ಅಂಕಿ ಮ್ಯಾನ್ಯುಯಲ್, ಎಎಂಟಿ ಎರಡಕ್ಕೂ ಒಂದೇ, ಲೀಟರಿಗೆ 23.1 ಕಿ.ಮೀ. 2021ರ ಹೊಸ ಸೆಲೆರಿಯೊದಲ್ಲಿ ಮ್ಯಾನ್ಯುಯಲ್‌ಗೆ 25.24, ಎಎಂಟಿಗೆ 26.68. ಯಂತ್ರ ಹಿಂಜರಿಯದೆ ಬೇಗ ಮೇಲಿನ ಗೇರಿಗೆ ಹೋಗುತ್ತದೆ, ಗುಟ್ಟು ಅಷ್ಟೇ. ಇವೆಲ್ಲ ಪರೀಕ್ಷೆಯಲ್ಲಿ ಬಂದ ಅಂಕಿಗಳು, ಬಿ.ಎಚ್. ರಸ್ತೆಯಲ್ಲಿ ಯಾರಿಗೂ ಅಷ್ಟು ಬರುವುದಿಲ್ಲ.

ರಿಪೇರಿಯ ವಿಷಯದಲ್ಲಿ ಮ್ಯಾನ್ಯುಯಲ್ ಇಂದಿಗೂ ಮುಂದೆ. ಕ್ಲಚ್ ಸೆಟ್ ಬದಲಿಸುವುದು ರಸ್ತೆಬದಿಯ ಮೆಕ್ಯಾನಿಕ್ಕಿಗೂ ಕೈಗೂಡಿದ ಕೆಲಸ. ಎಎಂಟಿಗೂ ಪ್ಲೇಟು ಅದೇ ಜಾತಿಯದಾದರೂ ಹೊಸ ಪ್ಲೇಟಿನ ಅಳತೆಯನ್ನು ಕಂಪ್ಯೂಟರಿಗೆ ಸ್ಕ್ಯಾನರಿನಿಂದ ಕಲಿಸಿಕೊಡಬೇಕು. ಆ ಯಂತ್ರಕ್ಕಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾದೀತು. ಬ್ಯಾಟರಿ ಇಳಿದರೆ ಮ್ಯಾನ್ಯುಯಲ್ ಗಾಡಿಯನ್ನು ನಾಲ್ಕು ಜನ ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್‌ಗೆ ಇನ್ನೊಂದು ಬ್ಯಾಟರಿಯ ವೈರೇ ಬೇಕು. ಟಾರ್ಕ್ ಕನ್ವರ್ಟರ್, ಸಿವಿಟಿ ಗಾಡಿ ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬಾರದು. ಎಂಜಿನ್ ನಿಂತಿದ್ದರೆ ಒಳಗೆ ಎಣ್ಣೆ ಹರಿಯದೆ ಗೇರ್‌ಬಾಕ್ಸೇ ಕೆಡುತ್ತದೆ. ಎಳೆಯುವ ಚಕ್ರಗಳನ್ನು ಮೇಲೆತ್ತಿಯೇ ಒಯ್ಯಬೇಕು.

ಲೈಸೆನ್ಸ್

1988ರ ಮೋಟಾರು ವಾಹನ ಕಾಯ್ದೆ ಬೈಕುಗಳಿಗೆ ಗೇರ್ ಇರುವುದು, ಗೇರ್ ಇಲ್ಲದ್ದು ಎಂದು ಬೇರೆ ಬೇರೆ ಲೈಸೆನ್ಸ್ ಇಟ್ಟಿದೆ. ಕಾರಿಗೆ ಆ ಭೇದವಿಲ್ಲ. ಲಘು ವಾಹನ ಎಂಬ ಒಂದೇ ವರ್ಗ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ಕಿನಲ್ಲಿ ಪರೀಕ್ಷೆ ಪಾಸಾದವರು ಮ್ಯಾನ್ಯುಯಲ್ ಓಡಿಸುವಂತಿಲ್ಲ. ಇಲ್ಲಿ ತುಮಕೂರಿನ ಕೆಎ-06ರ ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸ್ ಪಡೆದವರು ಎರಡನ್ನೂ ಓಡಿಸಬಹುದು. ಡ್ರೈವಿಂಗ್ ಸ್ಕೂಲಿನ ಗಾಡಿಗೆ ಕಲಿಸುವವರ ಕಾಲಬುಡದಲ್ಲೂ ಪೆಡಲ್ ಇರಬೇಕೆಂಬುದು ನಿಯಮ. ಆ ಗಾಡಿಗಳು ಬಹುಪಾಲು ಹಳೆಯ ಮ್ಯಾನ್ಯುಯಲ್‌ಗಳೇ. ಮನೆಯಲ್ಲಿ ಎಎಂಟಿ ಬುಕ್ ಮಾಡಿಟ್ಟು ಬಂದವರಿಗೂ ಅಲ್ಲಿ ಮೊದಲ ದಿನದ ಪಾಠ ಹಾಫ್ ಕ್ಲಚ್.